ಗಾಳಿಗೆ ಕಾಣದ ಕಚ್ಚು

ಸೊರಬದ ಗುಡಿಗಾರ ಧರ್ಮಪ್ಪನಿಗೆ ತಾನು ಮಾಡಿದ ಕೆಲಸವನ್ನು ಯಾರಾದರೂ ಹೊಗಳಿದರೆ ಮೈಯೆಲ್ಲ ಉರಿಯುತ್ತಿತ್ತು. ಗಂಧದಲ್ಲಿ ಕೆತ್ತುತ್ತಿದ್ದ ಪೆಟ್ಟಿಗೆಯೋ ಆನೆಯೋ ಮುಗಿದು ಮಣೆಯ ಮೇಲೆ ಕೂತ ಕೂಡಲೇ ಅವನೇ ಮೊದಲು ಅದಕ್ಕೆ ಬಯ್ಯುತ್ತಿದ್ದ. "ಥೂ ದರಿದ್ರದ್ದೇ, ಆನೆ ಆಗು ಅಂದ್ರೆ ಹಂದಿ ಆಗಿ ಕೂತ್ಯಲ್ಲ" ಎಂದು ಬೀದಿಗೆಲ್ಲ ಕೇಳುವ ಹಾಗೆ. ಹೊಸಬರು ಗಾಬರಿ ಬೀಳುತ್ತಿದ್ದರು. ಹಳಬರಿಗೆ ಗೊತ್ತಿತ್ತು, ಬೈಗುಳ ಜೋರಾದಷ್ಟೂ ಕೆಲಸ ಚೆನ್ನಾಗಿ ಬಂದಿದೆ ಎಂದು. ಬಯ್ದು ಮುಗಿದ ಮೇಲೆ ಅವನು ಸಣ್ಣ ಉಳಿ ತೆಗೆದುಕೊಂಡು, ಆನೆಯ ಕಿವಿಯ ಮೇಲೋ ಪೆಟ್ಟಿಗೆಯ ಮುಚ್ಚಳದ ಬಳ್ಳಿಯ ನಡುವೆಯೋ, ಅಕ್ಕಿಕಾಳಿನ ಮೊನೆಯಷ್ಟು ಒಂದು ಕಚ್ಚು ಹಾಕುತ್ತಿದ್ದ. ದೃಷ್ಟಿ ತಾಗಬಾರದೆಂದು. ಕುಂದಿಲ್ಲದ ವಸ್ತುವಿನ ಮೇಲೆ ಕಣ್ಣು ಬೀಳುತ್ತದೆ, ಬಿದ್ದರೆ ಒಂದೋ ಅದು ಸೀಳುತ್ತದೆ, ಇಲ್ಲವೇ ಮಾಡಿದವನ ಕೈ ಸೀಳುತ್ತದೆ. ಇದು ಅವನ ಅಪ್ಪನಿಂದ ಬಂದ ಮಾತು. ಕಚ್ಚಿಲ್ಲದ ಒಂದೇ ಒಂದು ವಸ್ತು ಅವನ ಮಣೆಯಿಂದ ಇಳಿದದ್ದಿಲ್ಲ.

ಇಂಥವನ ಜಗಲಿಗೆ ಶಿಕಾರಿಪುರದ ನಜೀರ್ ವಿಮಾನ ಕೆತ್ತಿಸಲು ಬಂದ.

ನಜೀರ್ ಎಂದರೆ ಕಲಾಯಿ ಬಡೇಸಾಬರ ಎರಡನೆಯ ಮಗ. ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಕೆಲಸಕ್ಕಿದ್ದ. ಊರಿಗೆ ಬಂದಾಗ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು, "ನಾವೀಗ ಶಬ್ದಕ್ಕಿಂತ ಐದು ಪಟ್ಟು ಜೋರು ಹಾರೋ ವಿಮಾನದ ಮೇಲೆ ಕೆಲಸ ಮಾಡಾಕ ಹತ್ತೀವಿ" ಎನ್ನುತ್ತಿದ್ದ. ಆ "ನಾವು" ಎಂಬುದರಲ್ಲಿ ನಿನ್ನ ಪಾಲೆಷ್ಟು ಎಂದು ಯಾರೂ ಕೇಳಲಿಲ್ಲವಾದ್ದರಿಂದ ಅವನೂ ಹೇಳಲು ಹೋಗಲಿಲ್ಲ. ಅವನ ಪಾಲು ಇಷ್ಟೆ: ವಿಮಾನದ ಮಾದರಿಯ ಮೇಲೆ ಗಾಳಿ ಬಿಟ್ಟು ನೋಡುವ ಗಾಳಿಸುರಂಗ ಎಂಬ ದೊಡ್ಡ ಕೊಳವೆಗೆ ಕೂರಿಸಿದ ಗಾಜಿನ ಕಿಟಕಿ ಒರೆಸುವುದು, ಗಾಳಿ ಒತ್ತುವ ಯಂತ್ರಕ್ಕೆ ಎಣ್ಣೆ ಬಿಡುವುದು, ಒತ್ತಿದ ಗಾಳಿ ಕಬ್ಬಿಣದ ತೊಟ್ಟಿಯಲ್ಲಿ ತುಂಬಿತೋ ಇಲ್ಲವೋ ಎಂದು ಮುಳ್ಳು ನೋಡುತ್ತ ಕೂರುವುದು. ಅವನ ತಾಯಿ ಅಮೀನಾಬಿ ಇದನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡು, "ನನ್ನ ಮಗ ಬೆಂಗಳೂರಾಗ ಗಾಳಿ ತುಂಬ್ತಾನ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಓಣಿಯವರು ಅವನು ಸೈಕಲ್ ಶಾಪ್ ಇಟ್ಟಿದ್ದಾನೆಂದೇ ತಿಳಿದು, ರಜೆಗೆ ಬಂದಾಗ ಪಂಕ್ಚರ್ ಆದ ಟ್ಯೂಬುಗಳನ್ನು ತಂದುಕೊಡುತ್ತಿದ್ದರು. ನಜೀರ್ ಬಾಯಿ ಮುಚ್ಚಿಕೊಂಡು ತೇಪೆ ಹಾಕಿಕೊಡುತ್ತಿದ್ದ. ಆ ಕೆಲಸದಲ್ಲಿ ಅವನ ಕೈ ನಿಜವಾಗಿಯೂ ಚೆನ್ನಾಗಿತ್ತು.

ಬೆಂಗಳೂರಿನ ಕೆಲಸವಂತೂ ಹಂಗಾಮಿ. ಅದನ್ನು ಕಾಯಂ ಮಾಡಿಸಿಕೊಳ್ಳುವ ಆತುರದಲ್ಲಿಯೇ ಅವನು ಬಾಯಿ ಹಾಕಿ ಸಿಕ್ಕಿಬಿದ್ದದ್ದು. ರಷ್ಯಾದವರು ನಾಯಿಯೊಂದನ್ನು ಆಕಾಶಕ್ಕೆ ಕಳಿಸಿದ ಮರುವರ್ಷ, ೧೯೫೮. ಗಾಳಿಸುರಂಗದ ಮುಖ್ಯಸ್ಥರಾಗಿದ್ದ ಡಾಕ್ಟರು (ಇಂಜೆಕ್ಷನ್ ಕೊಡುವ ಡಾಕ್ಟರಲ್ಲ, ಓದಿ ಆದವರು) ಹೊಸ ಆಕಾರದ ವಿಮಾನವೊಂದರ ಗೇಣುದ್ದದ ಮಾದರಿ ಬೇಕೆಂದರು. ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ, ಬದಿಗೆ ಮೀನಿನದರಂಥ ರೆಕ್ಕೆ, ಸೂಜಿಯಂಥ ಮೂಗು. ದುಂಡಗಿನದನ್ನು ಮಾತ್ರ ಬಲ್ಲ ವರ್ಕ್‌ಶಾಪಿನ ಲೇತು ಅದನ್ನು ಮಾಡಲಾರದೆ ಹೋಯಿತು. ಮರದಲ್ಲಿ ಒಂದು ಒಳ್ಳೆಯ ಮಾದರಿ ಸಿಕ್ಕರೆ ಅದರಿಂದ ಅಚ್ಚು ತೆಗೆದು ಹಿತ್ತಾಳೆ ಎರಕ ಹೊಯ್ಯಬಹುದು ಎಂದು ಯಾರೋ ಅಂದರು. ಕಿಟಕಿ ಒರೆಸುತ್ತಿದ್ದ ನಜೀರ್ ಬಟ್ಟೆ ಹಿಡಿದುಕೊಂಡೇ ತಿರುಗಿದ.

"ನಮ್ ಕಡೆ ಸೊರಬದಾಗ ಗುಡಿಗಾರ್ರು ಅದಾರ್ರೀ ಸರ್. ಬೆರಳುದ್ದ ಗಂಧದಾಗ ದಶಾವತಾರ ತೆಗೀತಾರ."

ಅವನು ಅದುವರೆಗೆ ಯಾವ ಗುಡಿಗಾರನ ಜಗಲಿಯನ್ನೂ ಹತ್ತಿದವನಲ್ಲ.

"ಹಾಗಾದ್ರೆ ಮಾಡಿಸಿಕೊಂಡು ಬನ್ನಿ," ಎಂದರು ಡಾಕ್ಟರು. "ಹದಿನೈದು ದಿನಕ್ಕೆ ಎರಕಕ್ಕೆ ಹೋಗಬೇಕು. ಮೇಲ್ಮೈ ಗಾಜಿನ ಹಾಗಿರಬೇಕು, ಒಂದು ಗೀರೂ ಕೂಡದು. ಸರಿಯಾಗಿ ಬಂದರೆ ನಿಮ್ಮ ಕೆಲಸದ ವಿಷಯ ಮಾತಾಡೋಣ. ಬರದಿದ್ದರೂ ಮಾತಾಡೋಣ."

ಆ ಕೊನೆಯ ಮಾತು ಕೇಳಿದ ನಜೀರ್ ಅಂದೇ ನಕ್ಷೆ ಇಸಿದುಕೊಂಡು ಊರಿಗೆ ಹೊರಟ.

ಶಿಕಾರಿಪುರದಿಂದ ಸೊರಬಕ್ಕೆ ಬಂದ ಬಸ್ಸು ದಾರಿಯಲ್ಲಿ ಎರಡು ಕಡೆ ನಿಂತು ಹಳ್ಳದ ನೀರು ಕುಡಿಯಿತು, ಒಂದು ಕಡೆ ಎಮ್ಮೆಯೊಂದಕ್ಕೆ ದಾರಿ ಬಿಟ್ಟಿತು. ಶಬ್ದಕ್ಕಿಂತ ಐದು ಪಟ್ಟು ಜೋರಿನ ನಕ್ಷೆ ನಜೀರನ ಕಂಕುಳಲ್ಲಿತ್ತು.

ಧರ್ಮಪ್ಪ ನಕ್ಷೆಯನ್ನು ಜಗಲಿಯ ಮೇಲೆ ಹರಡಿ, ಒಂದು ಸಲ ತಲೆಕೆಳಗು ಮಾಡಿ, ಮತ್ತೆ ಸರಿ ಮಾಡಿ ನೋಡಿದ. "ಇದೆಂತದು ಮಾರಾಯ, ಜೋಡು ಕಳಕೊಂಡ ಚಪ್ಪಲಿ ಇದ್ದಂಗದೆ?"

"ವಿಮಾನ್ರೀ, ಧರ್ಮಪ್ಪಣ್ಣ. ಬಾಳ ಜೋರು ಹೋಗೋದು."

"ಅಷ್ಟು ಅವಸರದಲ್ಲಿ ಎಲ್ಲಿಗೆ ಹೋಗ್ಬೇಕಂತೆ?"

"ಹೋಗೋದಲ್ರೀ ಕಷ್ಟ, ಬರೋದು. ಆ ನಾಯಿ ಹೋತಲ್ಲ..."

ಒಳಗೆ ಅಕ್ಕಿ ಕೇರುತ್ತಿದ್ದ ಧರ್ಮಪ್ಪನ ಹೆಂಡತಿ ಯಮುನಮ್ಮ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಹೌದನಾ, ಆ ನಾಯಿ ವಾಪಸ್ ಬಂತಾ? ಪೇಪರಿನವರು ಹೋಗಿದ್ದು ಬರೆದ್ರಂತೆ, ಬಂದಿದ್ದು ಬರೀಲೇ ಇಲ್ಲಂತೆ."

"ಇಲ್ಲಮ್ಮ. ಬರೂದು ಆಗಂಗಿಲ್ಲ. ಅಷ್ಟು ಜೋರು ಗಾಳಿಯೊಳಗ ನುಗ್ಗಿದ್ರ ಸುಟ್ಟು ಹೋಗ್ತೈತಿ." ನಜೀರನಿಗೆ ಹುರುಪು ಬಂತು. ಡಾಕ್ಟರು ವಿದ್ಯಾರ್ಥಿಗಳಿಗೆ ಹೇಳುವುದನ್ನು ಕಿಟಕಿ ಒರೆಸುತ್ತ ಕೇಳಿದ್ದೆಲ್ಲ ಈಗ ಹೊರಗೆ ಬಂತು. "ನಾವು ನಡಕೊಂಡು ಹೋದ್ರ ಗಾಳಿ ದಾರಿ ಬಿಡ್ತೈತ್ರೀ. ಯಾರೋ ಬರಾಕ ಹತ್ಯಾರ ಅಂತ ಅದಕ್ಕ ಮುಂಚೇನ ಸುದ್ದಿ ಮುಟ್ಟಿರ್ತೈತಿ. ಆ ಸುದ್ದಿ ಹೋಗೋದು ಶಬ್ದದ ಓಟದಾಗ. ಸುದ್ದಿಗಿಂತ ಮೊದ್ಲ ಆಸಾಮಿನ ಬಂದು ನಿಂತ್ರ ಗಾಳಿ ಎಲ್ಲಿ ಸರೀಬೇಕು? ಒತ್ತಿ ಒತ್ತಿ ಗ್ವಾಡಿ ಆಗ್ತೈತಿ. ಒತ್ತಿದ ಗಾಳಿ ಕಾಯ್ತೈತಿ. ಸೈಕಲ್ ಪಂಪು ಹೊಡೆದ್ರ ತುದಿ ಬಿಸಿ ಆಗಂಗಿಲ್ಲೇನ್ರೀ, ಹಂಗ. ಅಲ್ಲಿ ಕಬ್ಬಿಣ ಮೇಣ ಆಗೋವಷ್ಟು."

"ಅದನ್ನ ಓಡಿಸೋದು ಎಂತದು? ಪೆಟ್ರೋಲಾ?" ಎಂದ ಧರ್ಮಪ್ಪ.

"ಅದ ಇನ್ನೊಂದು ತಾಪತ್ರಯ. ಇಂಜಿನ್ನಿಗೆ ಮುಂದಿಂದ ನುಗ್ಗಿದ ಗಾಳಿ ಕಣ್ಣು ಪಿಳುಕಿಸೋದ್ರಾಗ ಹಿಂದಿಂದ ಹೊರಗ ಹೋಗಿರ್ತೈತಿ. ಅಷ್ಟರೊಳಗ ಎಣ್ಣಿ ಬೆರೀಬೇಕು, ಬೆಂಕಿ ಹತ್ತಬೇಕು, ಹತ್ತಿದ್ದು ಆರಬಾರ್ದು. ಓಡೋ ಬಸ್ಸಿನ ಮ್ಯಾಲ ಕೂತು ಬೀಡಿ ಹಚ್ಚಿದಂಗ."

"ಹತ್ತದಾ?"

"ಇನ್ನೂ ಯಾರಿಗೂ ಸರಿಯಾಗಿ ಹತ್ತಿಲ್ರೀ."

ಧರ್ಮಪ್ಪ ಒಂದು ಚಿಟಿಕೆ ನಶ್ಯ ಏರಿಸಿದ. "ಮೂತಿ ಸುಡ್ತದೆ, ಹೊಟ್ಟೇಲಿ ಒಲೆ ಹತ್ತಲ್ಲ. ಇದು ವಿಮಾನನಾ ಇಲ್ಲ ನಮ್ಮನೆ ಅಡಿಗೆಮನೆನಾ?"

"ನಮ್ಮನೆ ಒಲೆ ಹತ್ತತದೆ, ಒಣಗಿದ ಸೌದೆ ತಂದ್ಹಾಕಿದ್ರೆ," ಎಂದು ಯಮುನಮ್ಮ ಒಳಗೆ ಹೋದಳು.

ಧರ್ಮಪ್ಪ ಕೆಲಸ ಒಪ್ಪಿಕೊಂಡದ್ದು ಹಾರುವುದರ ಮೇಲಿನ ಆಸೆಯಿಂದಲ್ಲ, ಆನೆಗಳ ಮೇಲಿನ ಬೇಸರದಿಂದ. ಹುಡುಗನಾಗಿದ್ದಾಗ ಅಪ್ಪನ ಜೊತೆ ದೇವಸ್ಥಾನದ ಬಾಗಿಲುವಾಡ ಕೆತ್ತಿದವನು. ಆಮೇಲೆ ಅಂಥ ಕೆಲಸ ಕಡಿಮೆಯಾಗಿ, ಸರ್ಕಾರಿ ಡಿಪೋದಿಂದ ಅಳೆದು ಕೊಡುವ ಗಂಧದಲ್ಲಿ ಆನೆ, ಆನೆ, ಮತ್ತೂ ಆನೆ. ಅವೆಲ್ಲ ಎಲ್ಲೆಲ್ಲಿಯೋ ಯಾವ ಯಾವ ಸಾಹೇಬರ ಮೇಜಿನ ಮೇಲೋ ನಿಂತಿದ್ದವು. ಒಂದನ್ನಾದರೂ ಅದರ ಜಾಗದಲ್ಲಿ ಅವನು ಕಂಡಿರಲಿಲ್ಲ. ಹೊಸಬಾಳೆಗೆ ಕೊಟ್ಟ ಮಗಳ ಮನೆಗೆ ಹೋಗುವಾಗ ಮಾತ್ರ ಮೊಮ್ಮಕ್ಕಳಿಗೆಂದು ಬುಗುರಿ ಕೆತ್ತಿ ಒಯ್ಯುತ್ತಿದ್ದ. ಅವು ತಿರುಗುವುದನ್ನು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತ, ಒಂದೊಂದಕ್ಕೂ ಹೆಸರಿಟ್ಟು ಬಯ್ಯುತ್ತ, ಊಟಕ್ಕೆ ಕರೆದರೂ ಏಳುತ್ತಿರಲಿಲ್ಲವೆಂದು ಮಗಳೇ ದೂರುತ್ತಿದ್ದಳು.

ನಜೀರ್ ದಿನಾ ಬೆಳಗಿನ ಬಸ್ಸಿಗೆ ಬಂದು ಜಗಲಿಯ ಕಂಬಕ್ಕೆ ಒರಗಿ ಕೂರುತ್ತಿದ್ದ. ಮೇಲ್ವಿಚಾರಣೆ ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದ. ವಾಸ್ತವದಲ್ಲಿ ಯಮುನಮ್ಮನಿಗೆ ಬಾವಿಯ ನೀರು ಸೇದಿಕೊಡುವುದು, ಅವಲಕ್ಕಿ ತಿನ್ನುವುದು, ತೂಕಡಿಸುವುದು. ಧರ್ಮಪ್ಪ ಹಳೆಯ ಗಂಧದ ತುಂಡೊಂದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ, ಮೂಸಿ, ಅದರ ಎಳೆ ಎತ್ತ ಹರಿದಿದೆ ಎಂದು ನೋಡುವುದಕ್ಕೇ ಒಂದು ಬೆಳಗು ಕಳೆದ. ಆಮೇಲೆ ಉಳಿ ನಿಲ್ಲಲೇ ಇಲ್ಲ. ವಾರ ತುಂಬುವ ಹೊತ್ತಿಗೆ ಬೆನ್ನು ಎದ್ದಿತ್ತು, ರೆಕ್ಕೆ ಬಿರಿದಿತ್ತು. ಗರಗತ್ತಿ ಮರದ ಒರಟು ಎಲೆಯಿಂದ ಉಜ್ಜಿ ಉಜ್ಜಿ ಮೈ ಬೆಣ್ಣೆಯಾಯಿತು.

ಮುಗಿದ ದಿನ ಧರ್ಮಪ್ಪ ಅದನ್ನು ಮಣೆಯ ಮೇಲಿಟ್ಟು ಬಯ್ಯಲು ಬಾಯಿ ತೆರೆಯುತ್ತಿದ್ದ. ಅಷ್ಟರಲ್ಲಿ ತೂಕಡಿಕೆಯಿಂದ ಎದ್ದ ನಜೀರ್ ಅದನ್ನು ಕಂಡು, ಸಂತೋಷ ತಡೆಯಲಾರದೆ, "ಯಾ ಅಲ್ಲಾ, ಎಷ್ಟು ಚಂದ ಬಂದೈತ್ರೀ! ಒಂದು ಕುಂದಿಲ್ಲ ನೋಡ್ರಿ" ಎಂದುಬಿಟ್ಟ.

ಧರ್ಮಪ್ಪನ ಮುಖ ಕಪ್ಪಾಯಿತು. ಸಣ್ಣ ಉಳಿ ಎತ್ತಿಕೊಂಡ. ನಜೀರ್ ಬೇಡ ಎನ್ನುವ ಮೊದಲೇ ಮೂಗಿನ ಹಿಂದೆ, ಕೆನ್ನೆ ಇರಬೇಕಾದ ಜಾಗದಲ್ಲಿ, ಒಂದು ಕಚ್ಚು ಬಿದ್ದಿತ್ತು. ಹೊಗಳಿಕೆ ದೊಡ್ಡದಾದ್ದರಿಂದ ಕಚ್ಚೂ ಮಾಮೂಲಿಗಿಂತ ಸ್ವಲ್ಪ ದೊಡ್ಡದಾಗಿತ್ತು.

"ಏನ್ ಮಾಡಿದ್ರಿ ಧರ್ಮಪ್ಪಣ್ಣ," ಎಂದು ನಜೀರ್ ಕಚ್ಚನ್ನು ಬೆರಳಿನಿಂದ ಉಜ್ಜಿ ನೋಡಿದ. "ಒಂದು ಗೀರೂ ಇರಬಾರ್ದು ಅಂತ ಮೊದ್ಲ ಹೇಳಿದ್ನಲ್ಲ."

"ನೀನು ಗೀರು ಅಂದಿದ್ದೆ. ಇದು ದೃಷ್ಟಿ ಕಚ್ಚು. ಗೀರು ಬೇರೆ, ಕಚ್ಚು ಬೇರೆ."

"ಗಾಳಿಗೆ ಎರಡೂ ಒಂದ ರೀ. ಅಷ್ಟು ಜೋರಿನ್ಯಾಗ ಇಷ್ಟೇ ಇಷ್ಟು ಕಚ್ಚು ಇದ್ರೂ ಅಲ್ಲಿಂದ ಒಂದು ಅಲೆ ಏಳ್ತೈತಿ. ಅದರ ಹಿಂದ ಮೈ ಕಾಯ್ತೈತಿ. ಎರಕ ಹೊಯ್ದ್ರ ಹಿತ್ತಾಳಿಗೂ ಇದ ಬರ್ತೈತಿ. ನನ್ನ ನೌಕರಿ ಹೋತು."

ನೌಕರಿಯ ಮಾತು ಕೇಳಿ ಧರ್ಮಪ್ಪ ಮೆತ್ತಗಾದ. ಹಟ ಮಾತ್ರ ಮೆತ್ತಗಾಗಲಿಲ್ಲ. "ಇನ್ನೊಂದು ಮಾಡಿಕೊಡ್ತೆ, ಅದಕ್ಕೆಂತ. ಗಂಧದ ತುಂಡು ಇನ್ನೂ ಅದೆ. ಆದ್ರೆ ಕಚ್ಚಿಲ್ದೆ ಕೊಡೂಕಾಗಲ್ಲ. ನಮ್ಮಪ್ಪ ಒಂದೇ ಒಂದು ಸಲ ಮರೆತು ಕೊಟ್ಟಿದ್ದ. ಆ ವರ್ಷವೇ ಅವನ ಹೆಬ್ಬೆರಳು ಹೋಗಿದ್ದು. ನಿನಗೆ ನೌಕರಿ, ನನಗೆ ಕೈ."

ನಜೀರನಾದರೂ ಕಚ್ಚಿನ ಕೇಡನ್ನು ತೋರಿಸಿಕೊಡೋಣವೆಂದರೆ ಗಾಳಿ ಕಣ್ಣಿಗೆ ಕಾಣುವಂಥದ್ದಲ್ಲ. ಬೆಂಗಳೂರಿನಲ್ಲಾದರೆ ಕನ್ನಡಿ ದೀಪ ಜೋಡಿಸಿ ಅಲೆಯ ಫೋಟೋ ತೆಗೆಯುತ್ತಾರೆ. ಇಲ್ಲಿ ಎಲ್ಲಿಂದ ತರುವುದು? ಹಾಗೆ ಯೋಚಿಸುತ್ತ ಕೂತಾಗ ಡಾಕ್ಟರು ಒಮ್ಮೆ ಹೇಳಿದ್ದು ನೆನಪಾಯಿತು. ತೆಳ್ಳಗೆ ಹರಡಿ ರಭಸವಾಗಿ ಓಡುವ ನೀರಿನಲ್ಲಿ ಅಡ್ಡ ಏನಾದರೂ ಇಟ್ಟರೆ ಏಳುವ ಅಲೆ, ಜೋರು ಗಾಳಿಯಲ್ಲಿ ಏಳುವ ಅಲೆಯ ಹಾಗೆಯೇ ಇರುತ್ತದಂತೆ.

"ಇಲ್ಲಿ ಹತ್ರ ಯಾವುದಾದ್ರೂ ಕೆರಿ ಕೋಡಿ ಬಿದ್ದೈತೇನ್ರೀ?"

"ಗುಡವಿ ಕೆರೆ ತುಂಬಿದೆಯಂತೆ," ಎಂದಳು ಯಮುನಮ್ಮ. ಗುಡವಿ ಅವಳ ತವರು. ತವರಿನ ಹೆಸರು ಬಂದ ಮೇಲೆ ಅವಳನ್ನು ಬಿಟ್ಟು ಹೋಗುವ ಪ್ರಶ್ನೆಯೇ ಇರಲಿಲ್ಲ.

ಮರುದಿನ ಅತ್ತ ಹೊರಟಿದ್ದ ಒಂದು ಖಾಲಿ ಗಾಡಿ ಹಿಡಿದು ಮೂವರೂ ಹೋದರು. ವಿಮಾನ ಧರ್ಮಪ್ಪನ ತೊಡೆಯ ಮೇಲೆ, ಹಳೆಯ ಪಂಚೆಯ ತುಂಡಿನಲ್ಲಿ. ಕೆರೆಯ ನಡುವಿನ ಮರಗಳಲ್ಲಿ ಕೊಕ್ಕರೆಗಳ ಗಲಾಟೆ. ಕೋಡಿಯ ಕಲ್ಲುಹಾಸಿನ ಮೇಲೆ ನೀರು ಬೆರಳು ದಪ್ಪಕ್ಕೆ ಹರಡಿಕೊಂಡು ಜಾರಿ ಹೋಗುತ್ತಿತ್ತು. ನಜೀರ್ ಪ್ಯಾಂಟು ಮಡಚಿ ಇಳಿದ, ಪಾಚಿಯ ಮೇಲೆ ಕಾಲಿಟ್ಟು ಒಮ್ಮೆ ಪೂರಾ ಕೂತ, ಎದ್ದ. ದಂಡೆಯಿಂದ ಯಮುನಮ್ಮ, "ಬೆಂಗಳೂರಲ್ಲಿ ಇದನ್ನೂ ಕಲಿಸ್ತಾರಾ?" ಎಂದಳು.

ಅವನು, ಸುರಂಗದಲ್ಲಿ ಕೂರಿಸಲೆಂದು ವಿಮಾನದ ಹಿಂದೆ ಸಿಗಿಸಿದ್ದ ಹಿಡಿಕೆ ಹಿಡಿದು ಮೂಗನ್ನು ಹರಿವಿಗೆ ಎದುರಾಗಿ ಅರ್ಧ ಮುಳುಗಿಸಿದ. ಮೂಗಿನ ತುದಿಯಿಂದ ಎರಡು ಗೆರೆಗಳು ಚಿಮಟದ ಕಾಲುಗಳಂತೆ ಹಿಂದಕ್ಕೆ ಚಾಚಿ ನಿಂತವು. ನೀರು ಓಡುತ್ತಿತ್ತು, ಗೆರೆ ನಿಂತೇ ಇತ್ತು. ಕಚ್ಚು ಇದ್ದ ಬದಿಯಲ್ಲಿ ಇನ್ನೂ ಒಂದು ಸಣ್ಣ ಗೆರೆ, ಕೂದಲೆಳೆಯಷ್ಟು, ಕಚ್ಚಿನಿಂದಲೇ ಹೊರಟು ಓರೆಯಾಗಿ ದೂರದವರೆಗೆ ಹೋಗಿತ್ತು. ಇನ್ನೊಂದು ಬದಿಯಲ್ಲಿ ಅದು ಇರಲಿಲ್ಲ.

"ಕಂಡ್ರೇನ್ರೀ? ಅದ. ಅದು ಗಾಳ್ಯಾಗ ಬೆಂಕಿ."

ಧರ್ಮಪ್ಪ ಪಂಚೆ ಎತ್ತಿ ಕಟ್ಟಿ ಇಳಿದು ಬಂದು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ನಜೀರ್ ಅವನು ನೊಂದುಕೊಂಡನೆಂದು ತಿಳಿದ. ಧರ್ಮಪ್ಪ ತಲೆ ಎತ್ತಿದಾಗ ಮುಖ ಅರಳಿತ್ತು.

"ನನ್ನ ಕಚ್ಚೇ ಅದು! ಎಷ್ಟು ದೂರ ಹೋಗ್ಯದೆ ನೋಡು ಮಾರಾಯ. ಆನೆಗೆ ಹಾಕಿದ್ದು ಪಕ್ಕದಲ್ಲಿ ಕೂತವನಿಗೂ ಕಾಣಲ್ಲ."

"ಅದು ಕಾಣಬಾರ್ದು ಅಂತ ನಾ ಬಡಕೊಳ್ಳಾಕ ಹತ್ತೀನಿ..."

"ನಮ್ಮಪ್ಪ ಇದನ್ನ ನೋಡ್ಬೇಕಿತ್ತು."

ನಜೀರನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ನೌಕರಿ ಉಳಿಸಿಕೊಳ್ಳಲು ತಂದ ಸಾಕ್ಷಿ ಎದುರು ಪಕ್ಷಕ್ಕೆ ಸೇರಿಹೋಗಿತ್ತು. ದಂಡೆಯ ಮೇಲಿದ್ದ ಯಮುನಮ್ಮ ಇಬ್ಬರನ್ನೂ ನೋಡಿ ಸಾಕಾಗಿ, "ಅಲ್ಲ, ಕೂಸಿಗೆ ದೃಷ್ಟಿಬೊಟ್ಟು ಕೆನ್ನೆಗೇ ಇಡ್ಬೇಕು ಅಂತ ಎಲ್ಲಿ ಅದೆ? ನಮ್ಮ ಅಬ್ಬೆ ಅಂಗಾಲಿಗೆ ಇಡ್ತಿದ್ಲು. ಇದಕ್ಕೆ ಅಂಗಾಲು ಇಲ್ವಾ?" ಎಂದಳು.

ಇಬ್ಬರೂ ವಿಮಾನವನ್ನು ತಿರುಗಿಸಿ ಅಂಗಾಲು ಹುಡುಕಿದರು. ಹೊಟ್ಟೆ ಆಗುವುದಿಲ್ಲ, ಬಿಸಿಯೆಲ್ಲ ತಾಗುವುದು ಅಲ್ಲೇ, ಎಂದ ನಜೀರ್. ಹಿಂಬದಿಯಲ್ಲಿ ಹಿಡಿಕೆ ಸಿಗಿಸಿದ ಸುತ್ತ ಚಪ್ಪಟೆಯಾದ ಸ್ವಲ್ಪ ಜಾಗವಿತ್ತು. ಅದನ್ನು ಬೆರಳಿನಿಂದ ಸವರುತ್ತಿದ್ದ ನಜೀರನಿಗೆ ತಾನೇ ಜಗಲಿಯಲ್ಲಿ ಕೂತು ಕೊಚ್ಚಿದ್ದ ಮಾತು ತನ್ನ ಮೇಲೇ ತಿರುಗಿ ಬಂದ ಹಾಗಾಯಿತು. ಸುದ್ದಿ ಮುಂದಕ್ಕೆ ಹೋಗುವುದಿಲ್ಲ. ವಿಮಾನ ಸುದ್ದಿಗಿಂತ ಜೋರು ಓಡುತ್ತಿರುವಾಗ ಬಾಲದಲ್ಲಿ ಆದದ್ದು ಮೂಗಿಗೆ ಹೇಗೆ ತಿಳಿಯಬೇಕು? ಅವನು ನೀರಿನಲ್ಲಿ ವಿಮಾನದ ಹಿಂದೆ ಬೆರಳು ಅದ್ದಿದ. ಮುಂದಿನ ಗೆರೆಗಳು ಅಲುಗಲೂ ಇಲ್ಲ. ಬೆರಳು ಆಡಿಸಿದ. ಇಲ್ಲ.

"ಇಲ್ಲಿ ಹಾಕ್ರಿ," ಎಂದ. ಆ ಸಂಶೋಧನಾಲಯದ ಅಟೆಂಡರೊಬ್ಬ ತನ್ನ ಸ್ವಂತ ತಲೆಯಿಂದ ಒಂದು ವಿಷಯ ಕಂಡುಕೊಂಡ ಸಂದರ್ಭ ಅದೇ ಮೊದಲು. ಅದಕ್ಕೂ ಅರ್ಧ ತಲೆ ಯಮುನಮ್ಮನದು.

ಧರ್ಮಪ್ಪ ಸೊಂಟದಿಂದ ಉಳಿ ತೆಗೆದು ಆ ಚಪ್ಪಟೆ ಜಾಗದಲ್ಲಿ ಒಂದು ಕಚ್ಚು ಹಾಕಿ ಮತ್ತೆ ನೀರಿಗೆ ಹಿಡಿದ. ಕೆನ್ನೆಯ ಕಚ್ಚಿನ ಗೆರೆ ಹಾಗೆಯೇ ಇತ್ತು. ಹಿಂದಿನದರ ಗೆರೆ ಎಲ್ಲೂ ಏಳಲಿಲ್ಲ. ಅಲ್ಲಿ ನೀರು ಸುಮ್ಮನೆ ನೊರೆಗಟ್ಟಿ ಸುತ್ತುತ್ತಿತ್ತು.

"ಗಾಳಿಗೆ ಕಾಣದಿದ್ರೆ ದೃಷ್ಟಿ ಹೆಂಗೆ ತಡೀತದೆ?" ಎಂದು ಧರ್ಮಪ್ಪ ಕೊನೆಯದಾಗಿ ಒಂದು ತಕರಾರು ತೆಗೆದ.

"ದೃಷ್ಟಿ ಹಾಕೋದು ಗಾಳಿಯಾ?" ಎಂದಳು ಯಮುನಮ್ಮ. "ಮನುಷ್ಯರು. ಅವ್ರು ಕೈಗೆ ತಗಂಡು ತಿರುಗಿಸಿ ನೋಡೇ ನೋಡ್ತಾರೆ. ಮೇಲೆ ಬನ್ನಿ ಇಬ್ರೂ, ಅಣ್ಣನ ಮನೇಲಿ ಕಡುಬು ಆರಿ ಹೋಗ್ತದೆ."

ಎರಡನೆಯ ವಿಮಾನ ಮೊದಲನೆಯದಕ್ಕಿಂತ ಬೇಗ ಎದ್ದಿತು. ಕೈಗೆ ಈಗ ಆಕಾರ ಗೊತ್ತಿತ್ತು. ಅದು ಮಣೆಯ ಮೇಲೆ ಕೂತಾಗ ನಜೀರ್ ತುಟಿ ಕಚ್ಚಿ ಹಿಡಿದು, "ಏನ್ರೀ ಇದು, ದನ ಕಟ್ಟೋ ಗೂಟ ಇದ್ದಂಗೈತಿ" ಎಂದ. ಧರ್ಮಪ್ಪ ಪ್ರೀತಿಯಿಂದ ಅವನ ಬೆನ್ನು ತಟ್ಟಿ, ತಾನೂ ನಾಲ್ಕು ಸೇರಿಸಿ ಬಯ್ದು, ಅಂಗಾಲಿಗೆ ಕಚ್ಚು ಹಾಕಿ ಇಳಿಸಿಕೊಟ್ಟ.

ಬೆಂಗಳೂರಿನಲ್ಲಿ ಡಾಕ್ಟರು ಭೂತಗನ್ನಡಿ ಹಿಡಿದು ಮೂಗಿನಿಂದ ಬಾಲದವರೆಗೆ ನೋಡುವಾಗ ನಜೀರ್ ಕಿಟಕಿಯ ಒಂದೇ ಜಾಗವನ್ನು ಒರೆಸುತ್ತಲೇ ಇದ್ದ. ಡಾಕ್ಟರು ತಿರುಗಿಸಿ ಹಿಂಬದಿ ನೋಡಿದರು. "ಇದೇನು?"

"ಮಾಡಿದವರ ಪದ್ಧತಿ ಸರ್. ಹಿಂದ ಐತಿ. ಅದರ ಸುದ್ದಿ ಮುಂದಕ್ಕ ಹೋಗಂಗಿಲ್ಲ."

ಡಾಕ್ಟರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಗಾಜು ಒರೆಸುವವನು ಹೀಗೆ ಮಾತಾಡಿದ್ದು ಅವರಿಗೆ ಹೊಸದು. "ಹೋಗುವುದಿಲ್ಲ," ಎಂದು ಒಪ್ಪಿದರು. ಮಾದರಿ ಎರಕಕ್ಕೆ ಹೋಯಿತು.

ದೀಪಾವಳಿಯ ರಜೆಗೆ ಬಂದಾಗ ನಜೀರ್ ಶಿಕಾರಿಪುರದಲ್ಲಿ ಮನೆಗೂ ಹೋಗದೆ ನೇರ ಸೊರಬದ ಬಸ್ಸು ಹತ್ತಿದ. ಧರ್ಮಪ್ಪ ಆನೆಯೊಂದರ ಸೊಂಡಿಲಿನ ಕೆತ್ತನೆಯಲ್ಲಿದ್ದ. ಯಮುನಮ್ಮ, ಬಂದವನು ಕೂರುವ ಮೊದಲೇ, "ನೌಕರಿ ಎಂತಾಯ್ತು?" ಎಂದಳು.

"ಉಳೀತಮ್ಮ. ಇನ್ನೊಂದು ವರ್ಷ ಹಂಗಾಮಿ ಮಾಡ್ಯಾರ. ಕಾಯಂ ಆಗಿ ಹಂಗಾಮಿ ಅಂತ ಕಾಣ್ತೈತಿ. ಆದ್ರ ಈಗ ಬರೇ ಕಿಟಕಿ ಅಲ್ಲ, ಮಾದರಿ ಕೂರಸೋದೂ ನನ್ನ ಕೈಯಾಗ ಕೊಟ್ಟಾರ."

ಧರ್ಮಪ್ಪ ಆನೆಯನ್ನು ಪಕ್ಕಕ್ಕಿಟ್ಟ. "ನಮ್ದು ಹೆಂಗೆ ನಡೀತು?"

"ಗಾಳಿ ಕಾಸಿ ಬಿಟ್ರು. ಬಿಸಿ ತಾಗಿದ್ರ ಬಣ್ಣ ಬದಲಾಗೋ ಒಂದು ಬಣ್ಣ ಬಳಿದಿದ್ರು. ಬದಿ ಎಲ್ಲಾ ಎರಡೂ ಕಡೆ ಒಂದ ಸಮ, ಒಂದು ಗೆರಿ ಇಲ್ಲ. ಮೂಗಿನ ತುದಿ ಮಾತ್ರ ಮೊದ್ಲ ಕೆಟ್ಟಿತು. ಸೂಜಿ ಮೂಗು ಆಗೂದಿಲ್ಲ, ಮೊಂಡು ಮಾಡಬೇಕು ಅಂದ್ರು ಡಾಕ್ಟರು. ಮೊಂಡು ಮೂಗಿದ್ರ ಬಿಸಿ ಗ್ವಾಡಿ ಮೈಗೆ ತಾಗದ ಮುಂದ ದೂರ ನಿಲ್ತೈತಂತ. ವಾಪಸ್ ಬರೋದಿದ್ರ ಅದ ದಾರಿಯಂತ."

"ಎಷ್ಟು ಹೊತ್ತು ಬಿಟ್ರು ಗಾಳಿ?"

ನಜೀರ್ ಈ ಪ್ರಶ್ನೆಗೆ ದಾರಿಯುದ್ದಕ್ಕೂ ಹೆದರಿಕೊಂಡು ಬಂದಿದ್ದ. ತೊಟ್ಟಿ ಖಾಲಿಯಾದರೆ ಮುಗಿಯಿತು, ಅದಕ್ಕಿಂತ ಹೆಚ್ಚು ಆಗುವುದಿಲ್ಲ ಎಂದು ಏನೇನೋ ಪೀಠಿಕೆ ಹಾಕಿ, ಕೊನೆಗೆ ಹೇಳಿದ. "ನಾಲ್ಕು ಉಸಿರು ಆಗೋವಷ್ಟು."

ಯಮುನಮ್ಮ ಗಂಡನ ಮುಖ ನೋಡಿದಳು. ಧರ್ಮಪ್ಪ ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ನಿಧಾನವಾಗಿ ಮೂಗಿನಿಂದ ನಾಲ್ಕು ಸಲ ಉಸಿರು ಎಳೆದು ಬಿಟ್ಟು ನೋಡಿದ, ಅಷ್ಟು ಹೊತ್ತು ಎಂದರೆ ಎಷ್ಟು ಎಂದು.

"ಅಷ್ಟಕ್ಕೆ ನೀನು ಎಷ್ಟೊತ್ತು ತುಂಬಸ್ತಿ?"

"ಬೆಳಗಿಂದ ಮಧ್ಯಾಹ್ನದ ತನಕ್ರೀ."

"ನೋಡಿದ್ಯಾ ಅದನ್ನ? ಆ ನಾಲ್ಕು ಉಸಿರು?"

"ನಾನ ಕಿಟಕ್ಯಾಗ ನಿಂತಿದ್ದೆ."

"ಹಂಗಾದ್ರೆ ಸೈ. ಒಬ್ಬ ನೋಡಿದ್ದಾನೆ." ಧರ್ಮಪ್ಪ ಜಗಲಿಯ ಮೂಲೆಯಿಂದ ಒಂದು ಇದ್ದಿಲು ಚೂರು ಹುಡುಕಿ ಅವನ ಕಡೆ ಎಸೆದ. "ಬರಿ ನೋಡುವಾ, ಆ ಮೊಂಡು ಮೂಗಿಂದು."

ನಜೀರ್ ಸಗಣಿ ಸಾರಿಸಿದ ನೆಲದ ಮೇಲೆ ಗೆರೆ ಎಳೆದ. ಡಾಕ್ಟರು ಬೋರ್ಡಿನ ಮೇಲೆ ಎಳೆದದ್ದನ್ನು ನೆನಪು ಮಾಡಿಕೊಂಡು ಇನ್ನಷ್ಟು ಎಳೆದ. ಧರ್ಮಪ್ಪ ಕತ್ತು ಓರೆ ಮಾಡಿ ಅದನ್ನು ನೋಡಿದ.

"ಇದು ಬದನೆಕಾಯಿ. ನಿಮ್ಮ ಡಾಕ್ಟರು ಹಾರ್ಸೋಕೆ ಕೇಳಿದ್ದಾ, ಎಣ್ಣೆಗಾಯಿ ಮಾಡೋಕೆ ಕೇಳಿದ್ದಾ?"

ನಜೀರ್ ಅಂಗೈಯಿಂದ ಒರೆಸಿ ಮತ್ತೆ ಬರೆಯತೊಡಗಿದ. ಧರ್ಮಪ್ಪ ಮೊಣಕಾಲಿನಿಂದ ಅರ್ಧ ಸೊಂಡಿಲಿನ ಆನೆಯನ್ನು ಇನ್ನೂ ಆಚೆಗೆ ತಳ್ಳಿ, ಮಣೆಯ ಕೆಳಗಿನಿಂದ ಒಂದು ಮರದ ತುಂಡು ಎಳೆದುಕೊಂಡು, ಕಿವಿಗೆ ಹಿಡಿದು ತಟ್ಟಿದ.